ಬಾಣಂತಿ ಖೋಲಿಯ ಫ್ಯಾನಿಗೆ ಮೂರು ಬಟನ್

ನಮ್ಮ ಕಡೆ ಬಾಣಂತಿ ಖೋಲಿಯೊಳಗೆ ಪರ ಗಂಡಸು ಕಾಲಿಡುವಂತಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವವರೆಗಂತೂ ಹೊಸ್ತಿಲ ಹತ್ತಿರವೂ ಸುಳಿಯುವಂತಿಲ್ಲ. ಹೀಗಾಗಿ ಉಗರಗೋಳದ ಆ ಮನೆಯಲ್ಲಿ ನಾನು ಮಾಡಿದ ಕೆಲಸವನ್ನೆಲ್ಲ ಪಡದೆಯ ಈಚೆ ಕುಳಿತೇ ಮಾಡಿದೆ. ಯಾವ ಫ್ಯಾನಿಗೆ ಬಟನ್ ಮಾಡುತ್ತಿದ್ದೆನೋ ಆ ಫ್ಯಾನು ತಿರುಗುವುದನ್ನು ಕೆಲಸ ಮುಗಿಯುವವರೆಗೂ ಕಣ್ಣಿಂದ ನೋಡಲಿಲ್ಲ. ಒಳಗಿನ ಹೆಂಗಸರು ಹೇಳಿದ ಮಾತು, ಫ್ಯಾನು ಮಾಡುವ ಕುಂಯ್ ಎಂಬ ಸದ್ದು, ಇವೆರಡೇ ನನಗೆ ಆಧಾರ.

ನನ್ನದು ಬೈಲಹೊಂಗಲದಲ್ಲಿ ವೈರಿಂಗ್ ಅಂಗಡಿ. ಉಗರಗೋಳದ ಯಜಮಾನರ ಮನೆಯ ಹಿಂದೆ, ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಬಾಡಿಗೆ ಕೊಡುವ ಖೋಲಿಗಳು ಸಾಲಾಗಿವೆ. ಭಕ್ತರು ಕೀಲಿ ಕೊಟ್ಟು ಹೋಗುವಾಗ ಫ್ಯಾನು ಬಂದ್ ಮಾಡುವುದಿಲ್ಲ ಎಂಬುದು ಯಜಮಾನರ ಜೀವಮಾನದ ದುಃಖ. ಅದಕ್ಕೆಂದೇ ಹೋದ ವರ್ಷ ಪ್ರತಿ ಖೋಲಿಯ ತಂತಿಗೂ ದೂರದಿಂದಲೇ ಕರೆಂಟ್ ಕಡಿಯುವ, ಕೂಡಿಸುವ ಒಂದು ರಿಲೇ ಹಾಕಿ, ಪಡಸಾಲೆಯ ಗೋಡೆಗೆ ಒಂದು ಟ್ಯಾಬ್ ಹಚ್ಚಿಕೊಟ್ಟಿದ್ದೆ. ಆ ಪರದೆಯ ಮೇಲೆ ಯಾವ ಖೋಲಿಯ ಲೈಟು, ಫ್ಯಾನು ನಡೆದಿದೆ ಎಂದು ಕಾಣುತ್ತದೆ. ಬೆರಳಿಟ್ಟರೆ ಬಂದ್ ಆಗುತ್ತದೆ. ಅದಕ್ಕೆ ಡ್ಯಾಶ್‌ಬೋರ್ಡ್ ಎಂದು ಹೆಸರು. ಯಜಮಾನರು ಅದನ್ನು ‘ನಮ್ಮ ಮುನೀಮ’ ಎನ್ನುತ್ತಾರೆ.

ಅವರ ಮಗಳು ರಾಮದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮುಂಚೆ ಅವಳ ಖೋಲಿಗೆ ಹೊಸ ಫ್ಯಾನು ಹಾಕಿಸಿದರು. ಇದು ರಿಮೋಟಿನಿಂದ ನಡೆಯುವ ಫ್ಯಾನು, ಕರೆಂಟ್ ಕಡಿಮೆ ತಿನ್ನುತ್ತದೆ. ರಿಮೋಟು ಹೊಡೆಯುವ ಸಂಕೇತವನ್ನು ಕಲಿತು, ಅದನ್ನೇ ಮತ್ತೆ ಹೊಡೆಯುವ ಪುಟ್ಟ ಡಬ್ಬಿಯೊಂದನ್ನು ಗೋಡೆಗೆ ಅಂಟಿಸಿ, ಫ್ಯಾನನ್ನೂ ಮುನೀಮನ ಲೆಕ್ಕಕ್ಕೆ ಸೇರಿಸಿ ಬಂದಿದ್ದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದೆ.

ಯುಗಾದಿ ಕಳೆದು ಬಿಸಿಲು ಬಲಿತಿತ್ತು. ಹೆರಿಗೆಯಾಗಿ ಇನ್ನೂ ವಾರ ದಾಟಿರಲಿಲ್ಲ, ಬಾಣಂತಿಯೇ ಫೋನ್ ಮಾಡಿದಳು.

“ಅಣ್ಣಾರ, ನನ್ನ ಫ್ಯಾನಿಗೆ ಬ್ಯಾರೆ ಬಟನ್ ಮಾಡಿಕೊಡ್ರಿ. ಈ ಎಳಿಯೂ ಪಟ್ಟಿ ನಂಗ ಆಗವಲ್ದು. ಒಂದ ಕೈಯಾಗ ಕೂಸ, ಇನ್ನೊಂದ ಕೈಯಿಂದ ಹಿಂಗ ಎಳದ್ನೆಂದ್ರ ಸಣ್ಣಕ ಇದ್ದದ್ದು ಜಿಗದು ಜೋರ ಆಗತೈತಿ.”

ಅವಳ ಮಾತು ನಿಜ. ಅವಳ ಫೋನಿನಲ್ಲೂ ತೆರೆಯುವ ಡ್ಯಾಶ್‌ಬೋರ್ಡಿನಲ್ಲಿ ಫ್ಯಾನಿಗೆಂದು ಮೊದಲೇ ಇರುವ ಚೌಕದಲ್ಲಿ ಸೊನ್ನೆಯಿಂದ ನೂರರವರೆಗೆ ಎಳೆಯುವ ಒಂದು ಪಟ್ಟಿ ಇರುತ್ತದೆ. ಅದನ್ನು ಮಾಡಿದವರು ಎರಡೂ ಕೈ ಖಾಲಿ ಇದ್ದವರೇ ಇರಬೇಕು. ಕೂಸು ಎತ್ತಿಕೊಂಡವರಿಗೆ, ಹಿಟ್ಟು ಕಲಸುವವರಿಗೆ ಅದು ಪೀಡೆ. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡು ಬೈಕ್ ಹತ್ತಿದೆ.

ಪಡದೆಯ ಮುಂದೆ ಕುಳಿತು ಲ್ಯಾಪ್‌ಟಾಪ್ ತೆರೆದೆನೋ ಇಲ್ಲವೋ, ಒಳಗಿನಿಂದ ದನಿ ಬಂತು.

“ಯಾರದು?”

“ನಾನ್ರಿ ಆಯಿ, ಫ್ಯಾನಿನಾಂವ.”

“ಫ್ಯಾನ ಬ್ಯಾಡಾಗೇತಿ ತಮ್ಮಾ. ಬಿಚ್ಚಿಕೊಂಡ ಹೋಗೂದಿದ್ರ ಹೇಳು, ಬಾಣಂತಿನ ಬ್ಯಾರೆ ಖೋಲಿಗೆ ಹಾಕತೇನಿ. ಹಚ್ಚೂದಿದ್ರ ಅಲ್ಲೇ ಹೊರಗ ಕುಂದರು.”

ಆಯಿ ಎಂದರೆ ಯಜಮಾನರ ತಾಯಿ. ಮೊಣಕಾಲು ಕೈಕೊಟ್ಟ ವಯಸ್ಸು, ಆದರೂ ಬಾಣಂತಿ ಖೋಲಿಯ ಆಡಳಿತವೆಲ್ಲ ಅವರದೇ. ಒಳಗೆ ನುಲಿಯ ಮಂಚ, ಅಂದರೆ ಹೊರಸು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮುಚ್ಚಿದ ಕಿಟಕಿ, ಕಿವಿಗೆ ಬಟ್ಟೆ ಸುತ್ತಿಕೊಂಡ ಬಾಣಂತಿ. ಗಾಳಿ ಹೊಕ್ಕರೆ ಜೀವಕ್ಕೇ ಬರುತ್ತದೆ ಎಂಬುದು ಆಯಿಯ ಮಾತು. ಕೂಸಿನ ಕುತ್ತಿಗೆ, ಬೆನ್ನ ತುಂಬ ಬೆವರುಸಾಲೆ ಎದ್ದಿತ್ತು. ಸೆಕೆಗೆ ಅದು ಹಾಲು ಕುಡಿಯುವುದನ್ನು ಅರ್ಧಕ್ಕೇ ಬಿಟ್ಟು ಅಳುತ್ತಿತ್ತು, ತಾಯಿಗೆ ನಿದ್ದೆಯಿಲ್ಲ. ಆಶಾ ಕಾರ್ಯಕರ್ತೆ ಬಂದು, ಮುಚ್ಚಿದ ಖೋಲಿಯಲ್ಲಿ ಕೆಂಡ ಇಡಬ್ಯಾಡ್ರಿ, ಗಾಳಿ ಆಡಬೇಕು ಎಂದು ಹೇಳಿ ಹೋಗಿದ್ದಳು. ಅವಳು ಓಣಿ ದಾಟುವ ಮೊದಲೇ ಆಯಿ ಅರ್ಧ ತೆರೆದ ಕಿಟಕಿಯನ್ನು ಮತ್ತೆ ಮುಚ್ಚಿಸಿದ್ದರಂತೆ. ಫ್ಯಾನಿನ ರಿಮೋಟು ಎಲೆ ಅಡಕೆಯ ಜೊತೆ ಆಯಿಯ ಸಂಚಿ ಸೇರಿತ್ತು.

ಅದಿರಲಿ, ನನ್ನ ಕೆಲಸ ನಾನು ಮಾಡಿದೆ. ಎಳೆಯುವ ಪಟ್ಟಿ ತೆಗೆದು ನಾಲ್ಕು ದಪ್ಪ ಬಟನ್ ಇಟ್ಟೆ: ಬಂದ್, ಸಣ್ಣ, ನಡು, ಜೋರು. ಬಂದ್ ಇದ್ದರೆ ಕೆಂಪು, ನಡೆದಿದ್ದರೆ ಹಸಿರು. ಇಲ್ಲಿ ಒಂದು ತೊಡಕಿದೆ. ರಿಮೋಟಿನ ಫ್ಯಾನು ಕೇಳುತ್ತದೆ, ಮಾತಾಡುವುದಿಲ್ಲ. ನಾವು ಕಳಿಸಿದ ಸಂಕೇತ ಮುಟ್ಟಿದರೆ ಕುಂಯ್ ಎನ್ನುತ್ತದೆ ಅಷ್ಟೆ. ನಾನು ಈಗ ತಿರುಗುತ್ತಿದ್ದೇನೆ, ನಿಂತಿದ್ದೇನೆ ಎಂದು ತಿರುಗಿ ಹೇಳುವುದಿಲ್ಲ. ಹೀಗಾಗಿ ಡ್ಯಾಶ್‌ಬೋರ್ಡು ತಾನು ಕಡೆಗೆ ಹೇಳಿದ್ದನ್ನೇ ನೆನಪಿಟ್ಟುಕೊಂಡು ಬಣ್ಣ ತೋರಿಸಬೇಕು. ನಡುವೆ ಯಾರಾದರೂ ಗೋಡೆಯ ಸ್ವಿಚ್ ಆರಿಸಿದರೆ ಫ್ಯಾನು ನಿಂತಿರುತ್ತದೆ, ಪರದೆ ಹಸಿರಾಗಿಯೇ ಇರುತ್ತದೆ. ಆ ಮನೆಯಲ್ಲಿ ಯಾರಾದರೂ ಎಂದರೆ ಆಯಿ.

ಬಾಣಂತಿ ತನ್ನ ಫೋನಿನಲ್ಲಿ ಸಣ್ಣ ಒತ್ತಿದಳು. ಕುಂಯ್. ಹಿಂದೆಯೇ ಆಯಿ ನರಳುತ್ತ ಎದ್ದ ಸದ್ದು, ಗೋಡೆಯ ಸ್ವಿಚ್ ಟಪ್. ಸ್ವಲ್ಪ ಹೊತ್ತು ಬಿಟ್ಟು ಬಾಣಂತಿ ಸ್ವಿಚ್ ಹಾಕಿಸಿದಳು, ಆಯಿ ಮತ್ತೆ ಟಪ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನನಗೆ ಸಿಟ್ಟು ಬೇಗ ಬರುತ್ತದೆ; ಮಾಡಿದ ಕೆಲಸವನ್ನು ಕಣ್ಣೆದುರೇ ಕೆಡಿಸಿದರೆ ಇನ್ನೂ ಬೇಗ. ಈ ಮುದುಕಿಗೆ ಹಟ ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಒಳಗೊಳಗೇ ಬೈದುಕೊಂಡೆ.

ಆಯಿ ಕೂಸಿನ ನೀರಿಗೆ ಉರಿ ಹಾಕಲು ಹಿತ್ತಲಿಗೆ ಹೋದಾಗ ಮನೆಯೊಡತಿ, ಅಂದರೆ ಬಾಣಂತಿಯ ತಾಯಿ, ಚಹ ಕೊಡುವ ನೆವದಲ್ಲಿ ನನ್ನ ಹತ್ತಿರ ಬಂದರು.

“ತಮ್ಮಾ, ಒಂದ ಕೆಲಸ ಮಾಡ್ರಿ. ಅತ್ತಿಯವ್ರು ಮಧ್ಯಾಹ್ನ ಪಡಸಾಲ್ಯಾಗ ಒಂದ ಜೋಂಪ ತಗೀತಾರ. ಮಲಗೂಕಿಂತ ಮದಲ ಈ ಟ್ಯಾಬಿನ್ಯಾಗ ಕೆಂಪ ಐತೋ ಹಸರ ಐತೋ ನೋಡ್ತಾರ. ಕೆಂಪಂದ್ರ ಬಂದ್ ಅಂತ ಕಲತಾರ. ಒಳಗ ಫ್ಯಾನ ತಿರಗಲಿ, ಇಲ್ಲಿ ಕೆಂಪ ತೋರ್ಸಲಿ. ಆಗತೈತಲ್ರಿ?”

“ಆಗತೈತ್ರಿ ಅಕ್ಕಾರ,” ಎಂದೆ. ಆಗುವುದೇನು, ಎರಡು ಸಾಲು ಬರೆದರೆ ಮುಗಿಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥ ಉಪಾಯ. ನನಗೂ ಸರಿ ಎನಿಸಿತು. ಆದರೆ ಫ್ಯಾನು ಹಚ್ಚುವವಳಿಗೆ ಗೊತ್ತಿರಬೇಕಲ್ಲ ಎಂದು ಪಡದೆಯ ಹತ್ತಿರ ಸರಿದು ಬಾಣಂತಿಗೆ ಹೇಳಿದೆ.

ಅವಳು ಒಳಗಿನಿಂದಲೇ ಅಂದಳು: “ಬ್ಯಾಡ್ರಿ ಅಣ್ಣಾರ. ಆಯಿ ರಾತ್ರಿಯೆಲ್ಲಾ ಕುಂತು ನನ್ನ ಕಾಲ ಒತ್ತತಾಳ. ಅಕಿಗೆ ಕಾಣೂ ಬಣ್ಣದಾಗ ಸುಳ್ಳ ಹಾಕಿ ನಾ ಗಾಳಿ ತಗೋಬೇಕೇನ್ರಿ? ನಾಳೆ ಖರೇನ ಕೆಂಪ ಇದ್ದಾಗೂ ಅಕಿ ನಂಬೂದಿಲ್ಲ. ಆಯಿ ಒಪ್ಪಿ ಹಚ್ಚಬೇಕು. ಇಲ್ಲಾಂದ್ರ ಹಿಂಗಽ ಇರತೇನಿ.”

ಬೆವರಿನಲ್ಲಿ ನೆನೆದು, ನಿದ್ದೆಗೆಟ್ಟು, ಅಳುವ ಕೂಸನ್ನು ಎದೆಗೊತ್ತಿಕೊಂಡು ಕುಳಿತವಳ ಮಾತು ಇದು. ಅವಳ ಜಾಗದಲ್ಲಿ ನಾನಿದ್ದರೆ ಸುಳ್ಳು ಬಣ್ಣಕ್ಕೆ ಎರಡು ಕೈಯಿಂದ ನಮಸ್ಕಾರ ಮಾಡುತ್ತಿದ್ದೆ. ಆ ಹುಡುಗಿಯ ಮೇಲೆ ನನಗೆ ಬಹಳ ಗೌರವ ಹುಟ್ಟಿತು. ಸುಮ್ಮನೆ ಎದ್ದು ಹೋಗುವುದು ಅಂದಿಗೆ ಆಗದ ಮಾತಾಯಿತು.

“ತಂಗೀ, ಆಯಿಗೆ ಫ್ಯಾನ ಬ್ಯಾಡೋ, ಗಾಳಿ ಬ್ಯಾಡೋ?” ಎಂದು ಕೇಳಿದೆ.

“ಗಾಳಿ ಮೈಮ್ಯಾಲ ಬೀಳಬಾರದ್ರಿ. ಅಷ್ಟಽ.”

ಆಗ ಹೊಳೆಯಿತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಇಂಥ ಫ್ಯಾನುಗಳನ್ನು ಎಷ್ಟೋ ಮನೆಗೆ ಹಾಕಿದ ನಾನೇ ಆ ರಿಮೋಟಿನ ಕೆಳಮೂಲೆಯಲ್ಲಿರುವ ಒಂದು ಬಟನ್ನನ್ನು ಮರೆತಿದ್ದೆ. ಅದನ್ನು ಒತ್ತಿದರೆ ಫ್ಯಾನು ಉಲ್ಟಾ ತಿರುಗುತ್ತದೆ. ಆಗ ಅದು ಗಾಳಿಯನ್ನು ಕೆಳಗೆ ತಳ್ಳುವುದಿಲ್ಲ. ನಡುವಿನ ಗಾಳಿಯನ್ನು ಮೇಲಕ್ಕೆಳೆದು ಛತ್ತಿಗೆ, ಅಂದರೆ ಮೇಲಿನ ಛಾವಣಿಗೆ, ಹಾಯಿಸುತ್ತದೆ, ಅದು ಗೋಡೆಗುಂಟ ಮೆಲ್ಲಗೆ ಕೆಳಗಿಳಿಯುತ್ತದೆ. ಚಳಿನಾಡಿನವರಿಗೆಂದು ಇಟ್ಟ ಸೌಲಭ್ಯ ಅದು. ನಮ್ಮ ಕಡೆ ಯಾರೂ ಮುಟ್ಟದ್ದರಿಂದ ನಾನು ಅದರ ಸಂಕೇತವನ್ನು ಡಬ್ಬಿಗೆ ಕಲಿಸಿಯೇ ಇರಲಿಲ್ಲ. ಈಗ ಕಲಿಸಬೇಕೆಂದರೆ ರಿಮೋಟು ಬೇಕು. ರಿಮೋಟು ಆಯಿಯ ಸಂಚಿಯಲ್ಲಿತ್ತು.

ಆಯಿ ಹಿತ್ತಲಿನಿಂದ ಬಂದ ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಗೋಡೆಗೆ ಕೈಯೂರಿ ನಿಂತು ಕೇಳಿಸಿಕೊಂಡರು.

“ಗಾಳಿ ಮ್ಯಾಲ ಹೋಗತೈತಿ? ಗಾಳಿ ಏನ ನಿಮ್ಮಪ್ಪನ ಮನಿ ಆಳೇನೋ, ನೀ ಹೇಳಿದ ಕಡೆ ಹೋಗಾಕ?”

“ಒಮ್ಮೆ ನೋಡ್ರಿ ಆಯಿ. ನಿಮ್ಮ ಕಣ್ಣಿಗೆ ಕಂಡ್ರ ಇಟಗೋರಿ. ಇಲ್ಲಾಂದ್ರ ನಾನಽ ಬಿಚ್ಚಿಕೊಂಡ ಹೋಗತೇನಿ.”

ಅವರು ಸಂಚಿಯ ದಾರ ಸಡಿಲಿಸಿ, ಎಲೆ ಸರಿಸಿ, ಸುಣ್ಣ ಹತ್ತಿದ ರಿಮೋಟನ್ನು ತೆಗೆದು ಸೆರಗಿನಿಂದ ಒರೆಸಿ ಕೊಟ್ಟರು. “ಕೂಸಿಗೆ ಎರದ ಮ್ಯಾಲ ಲೋಬಾನ ಹಾಕತೇನಿ. ಆವಾಗ ಹಚ್ಚು. ಹೊಗಿ ಸುಳ್ಳ ಹೇಳೂದಿಲ್ಲ,” ಎಂದರು.

ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಒಪ್ಪದ ಮಾತನ್ನು ಪರೀಕ್ಷೆಗೆ ಇಡುವವರು ಹಟಮಾರಿಗಳಲ್ಲ.

ಬಾಣಂತಿ ಒಳಗಿನಿಂದ ರಿಮೋಟನ್ನು ಡಬ್ಬಿಗೆ ಹಿಡಿದು ಒತ್ತಿದಳು, ನಾನು ಹೊರಗೆ ಸಂಕೇತ ಉಳಿಸಿಕೊಂಡೆ. ಸಂಜೆ ಕೂಸಿಗೆ ಎರೆದಾಯಿತು. ಕೆಂಡದ ಮೇಲೆ ಲೋಬಾನ, ಅಜವಾನ ಬಿದ್ದ ವಾಸನೆ ಪಡದೆ ದಾಟಿ ಬಂತು. ನಾನು ಉಲ್ಟಾ ಒತ್ತಿ, ಹಿಂದೆಯೇ ಸಣ್ಣ ಒತ್ತಿದೆ. ಮನೆಯೊಡತಿ ಒಳಗಿನಿಂದ ಒಂದೊಂದೇ ಹೇಳತೊಡಗಿದರು.

“ಹೊಗಿ ನೆಟ್ಟಗ ಮ್ಯಾಲ ಹೊಂಟೇತ್ರಿ... ಛತ್ತಿಗಿ ಹೋಗಿ ಹರವಾಕ ಹತ್ತೇತಿ... ಅಯ್ಯ, ಗ್ವಾಡಿಗುಂಟ ಕೆಳಗಿಳಿಯಾಕ ಹತ್ತೇತ್ ನೋಡ್ರಿ!” ಸ್ವಲ್ಪ ತಡೆದು ದನಿ ತಗ್ಗಿಸಿ, “ಅತ್ತಿಯವ್ರು ಕೈ ಒದ್ದಿ ಮಾಡಿಕೊಂಡು ಕೂಸಿನ ನೆತ್ತಿ ಮ್ಯಾಲ ಹಿಡದಾರ,” ಎಂದರು.

ಒದ್ದೆ ಕೈಗೆ ಸಣ್ಣ ಗಾಳಿಯೂ ತಿಳಿಯುತ್ತದೆ. ಕಡೆಗೆ ಆಯಿ, “ಇರ್ಲಿ. ಸಣ್ಣಕಽ ಇರ್ಲಿ,” ಎಂದರು. ನೇರವಾಗಿ ಬೀಸುವ ಗಾಳಿಯಷ್ಟು ತಂಪು ಇದರಲ್ಲಿಲ್ಲ ನಿಜ, ಆದರೆ ಆ ಮುಚ್ಚಿದ ಖೋಲಿಗೆ ಇದೇ ಹೆಚ್ಚಾಯಿತು. ಕೂಸು ಮೊದಲ ಸಲ ಹೊಟ್ಟೆ ತುಂಬ ಕುಡಿದು ಮಲಗಿತೆಂದು ಮನೆಯೊಡತಿ ಹೊರಬಂದು ಹೇಳಿದರು. ನಾನು ಬಿಸಿ ರೊಟ್ಟಿ, ಜುಣಕ ಉಂಡು, ಗೆದ್ದೆನೆಂದು ಮೀಸೆ ತಿರುವಿಕೊಂಡು ಹೊರಟೆ.

ಸವದತ್ತಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಕ್ಕೆ ನಿಂತಿದ್ದೆ, ಫೋನ್ ಬಂತು. “ತಮ್ಮಾ, ತಿರುಗಿ ಬರ್ರಿ,” ಎಂದರು ಮನೆಯೊಡತಿ. ಏನೋ ಕೆಟ್ಟಿದೆ ಎಂದು ದನಿಯಲ್ಲೇ ಗೊತ್ತಾಯಿತು.

ಆಗಿದ್ದಿಷ್ಟು. ಕರೆಂಟ್ ಹೋಗಿ ಬಂತು. ಬಂದೊಡನೆ ಫ್ಯಾನು ಉಲ್ಟಾ ತಿರುಗುವುದನ್ನೂ ಸಣ್ಣ ವೇಗವನ್ನೂ ಮರೆತು, ಅಂಗಡಿಯಿಂದ ಬಂದ ದಿನ ಇದ್ದಂತೆ ನೆಟ್ಟಗೆ, ಪೂರಾ ಜೋರಾಗಿ ತಿರುಗಿತು. ಅಗ್ಗಿಷ್ಟಿಕೆಯ ಬೂದಿ ಹಾರಿ ಹೊರಸಿನ ಮೇಲೆಲ್ಲ ಬಿತ್ತು, ಕೂಸು ಬೆಚ್ಚಿ ಚೀರಿತು. ಆಯಿ ಎದ್ದು ಹೋಗಿ ಸ್ವಿಚ್ ಆರಿಸುವಷ್ಟರಲ್ಲಿ ಬಾಣಂತಿ ಕೂಸಿನ ಮೇಲೆ ಬಗ್ಗಿ ತನ್ನ ಬೆನ್ನನ್ನೇ ಅಡ್ಡ ಮಾಡಿದ್ದಳಂತೆ. ನನ್ನ ಅಂಗಡಿಯಲ್ಲಿ ಇನ್ವರ್ಟರ್ ಇದೆ. ಅಲ್ಲಿ ಪರೀಕ್ಷೆಗಿಟ್ಟ ಫ್ಯಾನಿಗೆ ಕರೆಂಟ್ ಹೋಗಿ ಬರುವುದೆಂದರೇನೆಂದೇ ಗೊತ್ತಿಲ್ಲ. ಈ ಮನೆಯ ಇನ್ವರ್ಟರು ಪಡಸಾಲೆಗೆ, ಬಾಡಿಗೆಯ ಖೋಲಿಗಳಿಗೆ ಮಾತ್ರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನು ಮುಟ್ಟಿದಾಗ ಆಯಿ ಹಿತ್ತಲಲ್ಲಿ, ಹಂಡೆಯ ಒಲೆಯ ಮುಂದೆ ಒಬ್ಬರೇ ಕುಳಿತಿದ್ದರು. ಬೈಸಿಕೊಳ್ಳಲು ತಯಾರಾಗಿಯೇ ಹೋದೆ.

“ತಪ್ಪಾತ್ರಿ ಆಯಿ.”

“ನಿನಗ ಬಯ್ಯೂದಿಲ್ಲ ತಮ್ಮಾ. ಕುಂದರು.” ಒಂದು ಕಟ್ಟಿಗೆ ಒಳಗೆ ತಳ್ಳಿದರು. “ಇದಽ ಖೋಲ್ಯಾಗ ನನ್ನ ಹಿರಿ ಮಗಳು ಬಾಣಂತನಕ್ಕ ಬಂದಿದ್ಲು. ಹಿಂಗಽ ಬ್ಯಾಸಗಿ. ಯವ್ವಾ, ಉಸರ ಕಟ್ಟಾಕ ಹತ್ತೇತಿ, ಕಿಡಕಿ ತಗಿ ಅಂದ್ಲು. ಯಾರೂ ಇರಲಿಲ್ಲ. ನಾ ತಗದೆ. ಸಂಜೀಕ ಜ್ವರ ಬಂತು, ಮುಂದ ಸನ್ನಿ ಆತು. ಆಕಿ ಉಳೀಲಿಲ್ಲ.”

ಅವರು ಒಲೆಯನ್ನೇ ನೋಡುತ್ತ ಮುಂದುವರಿಸಿದರು.

“ಕಿಡಕಿ ಯಾರ ತಗದ್ರು ಅಂತ ಎಲ್ಲಾರೂ ಕೇಳಿದ್ರು. ನನ್ನ ಬಾಯಿಂದ ಮಾತ ಹೊರಡಲಿಲ್ಲ. ಸೂಲಗಿತ್ತಿ ಮ್ಯಾಲ ಹಾಕಿದ್ರು. ಆಕಿ ಎಲ್ಲಾರಿಗೂ ಕೈ ಮುಗದು, ನಾ ತಗದಿಲ್ಲ ಅಂದ್ಲು, ಯಾರೂ ಕೇಳಲಿಲ್ಲ. ಮತ್ತ ಆಕಿ ನಮ್ಮ ಓಣಿಗೆ ಬರಲಿಲ್ಲ.”

“ಆಯಿ, ಅದು ಗಾಳಿಯಿಂದ ಬರೂದಲ್ರಿ, ನಂಜಿನಿಂದ ಬರತೈತಿ ಅಂತಾರ ಡಾಕ್ಟರು,” ಎಂದೆ.

“ಮೊಮ್ಮಗಳೂ ಹಂಗಽ ಹೇಳ್ತಾಳ. ಇರಬೌದು. ಆದ್ರ ಕಿಡಕಿ ಮುಚ್ಚೂದ್ರಾಗ ತಡಾ ಮಾಡಿದೆ ಅನ್ನೂದು ನನ್ನ ತಲ್ಯಾಗ ಕುಂತಬಿಟ್ಟೇತಿ. ಇವತ್ತೂ ಹಂಗಽ ಆತ್ ನೋಡು. ಗಾಳಿ ಬಿತ್ತು, ಈ ಮೊಣಕಾಲ ತಗೊಂಡು ನಾ ಗ್ವಾಡಿತನಾ ಹೋಗೂದ್ರಾಗ ಆಗೂದ ಆಗಿ ಹೋಗಿತ್ತು.”

ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ? ಯಾರನ್ನು ನಾನು ಹಟದ ಮುದುಕಿ ಎಂದು ಬೈದುಕೊಂಡಿದ್ದೆನೋ ಅವರು ಇಷ್ಟು ವರ್ಷ ಈ ಭಾರವನ್ನು ಒಬ್ಬರೇ ಹೊತ್ತು, ಅದೇ ಖೋಲಿಯಲ್ಲಿ ಮತ್ತೊಬ್ಬ ಬಾಣಂತಿಯನ್ನು ಕಾಯುತ್ತಿದ್ದರು. ಇದನ್ನು ಬರೆಯಲೇ ಎಂದು ಮುಂದೊಂದು ದಿನ ಅವರನ್ನು ಕೇಳಿದೆ. “ಹೆಸರ ಹಾಕಬ್ಯಾಡ,” ಎಂದಷ್ಟೇ ಅಂದರು.

ಹಿತ್ತಲಿನಿಂದ ಎದ್ದು ಬರುವಾಗ ಒಂದು ಮಾತು ಸ್ಪಷ್ಟವಾಗಿತ್ತು. ನಾನು ಗಾಳಿಯ ದಿಕ್ಕನ್ನು ಸಾಬೀತು ಮಾಡಲು ಹೋಗಿದ್ದೆ. ಆಯಿಗೆ ಬೇಕಾದದ್ದು ಅದಲ್ಲ. ಕುಳಿತಲ್ಲಿಂದಲೇ, ಆ ಕ್ಷಣಕ್ಕೇ ನಿಲ್ಲಿಸಲು ಬರಬೇಕು. ಮತ್ತು ಯಾರೂ ಹಚ್ಚದೆ ಅದು ತಾನಾಗಿ ಎಂದೂ ಹೊರಡಬಾರದು. ಬಟನ್ನುಗಳನ್ನು ನಾನು ಬಾಣಂತಿಗೆಂದು ಮಾಡಿದ್ದೆ. ಆಯಿಗೆಂದು ಮಾಡಬೇಕಿತ್ತು. ಹಿಂದಿನದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ.

ಮೊದಲು ಫ್ಯಾನಿನ ತಂತಿಗೆ ಒಂದು ರಿಲೇ ಬೇಕು. ಪುಣ್ಯಕ್ಕೆ ಆ ಖೋಲಿಯ ತಂತಿ ಪಡಸಾಲೆಯ ಜಂಕ್ಷನ್ ಡಬ್ಬಿಯ ಮೂಲಕವೇ ಹೋಗಿತ್ತು, ಹೊರಗಿನಿಂದಲೇ ಕೈ ಹಾಕಬಹುದು. ಕೈಯಲ್ಲಿ ಬೇರೆ ರಿಲೇ ಇರಲಿಲ್ಲ. ಹಿಂದಿನ ಖಾಲಿ ಖೋಲಿಯೊಂದರದನ್ನು ಬಿಚ್ಚಿಕೊಂಡು ಬಂದೆ. “ಆ ಖೋಲಿ ಫ್ಯಾನ ಇನ್ನ ರಾತ್ರಿಯೆಲ್ಲಾ ತಿರಗತೈತಲ್ಲೋ ಮಾರಾಯಾ!” ಎಂದು ಯಜಮಾನರು ಹಣೆ ಚಚ್ಚಿಕೊಂಡರು. ಆದರೂ ತಾವೇ ಬ್ಯಾಟರಿ ಹಿಡಿದು ಬೆಳಕು ತೋರಿಸಿದರು. ಕರೆಂಟ್ ಹೋಗಿ ಬಂದರೆ ಬಂದ್ ಆಗಿಯೇ ಉಳಿ ಎಂದು ರಿಲೇಗೆ ಕಟ್ಟಪ್ಪಣೆ ಹಾಕಿದೆ. ಪಡಸಾಲೆಯ ಡ್ಯಾಶ್‌ಬೋರ್ಡಿಗೆ ಇನ್ವರ್ಟರ್ ಇದೆ, ಅದಕ್ಕೆ ಇಂಟರ್ನೆಟ್ಟೂ ಬೇಕಿಲ್ಲ; ಮನೆಯೊಳಗಿನ ವೈಫೈ ಇದ್ದರೆ ಸಾಕು.

ಇನ್ನುಳಿದದ್ದು ದಿಕ್ಕಿನ ಪ್ರಶ್ನೆ. ಉಲ್ಟಾ ಬಟನ್ನಿನ ಗುಣವೆಂದರೆ ಒಮ್ಮೆ ಒತ್ತಿದರೆ ಉಲ್ಟಾ, ಮತ್ತೊಮ್ಮೆ ಒತ್ತಿದರೆ ಸುಲ್ಟಾ. ಫ್ಯಾನು ಈಗ ಯಾವ ದಿಕ್ಕಿನಲ್ಲಿದೆ ಎಂದು ತಾನಾಗಿ ಹೇಳುವುದಿಲ್ಲ. ತಪ್ಪಿ ಎರಡು ಸಲ ಒತ್ತಿದರೆ ಗಾಳಿ ಕೂಸಿನ ಮೇಲೆ. ತಲೆ ಕೆರೆದುಕೊಳ್ಳುತ್ತ ಕುಳಿತವನಿಗೆ, ಯಾವ ಮರೆವು ಸಂಜೆ ನನ್ನ ಮಾನ ಕಳೆದಿತ್ತೋ ಅದೇ ಈಗ ಉಪಯೋಗಕ್ಕೆ ಬರುತ್ತದೆ ಎನಿಸಿತು. ಕರೆಂಟ್ ಕಡಿದರೆ ಈ ಫ್ಯಾನು ಎಲ್ಲವನ್ನೂ ಮರೆಯುತ್ತದೆ, ಎದ್ದಾಗ ಯಾವಾಗಲೂ ನೆಟ್ಟಗೇ ಏಳುತ್ತದೆ. ಅಂದಮೇಲೆ ಪ್ರತಿ ಸಲ ಬಟನ್ ಒತ್ತಿದಾಗಲೂ ಮೊದಲು ಕರೆಂಟ್ ಕಡಿದು ಮರೆಸಬೇಕು. ಆಮೇಲೆ ಎಬ್ಬಿಸಿ, ರೆಕ್ಕೆ ಚುರುಕಾಗುವ ಮೊದಲೇ ಒಂದೇ ಒಂದು ಸಲ ಉಲ್ಟಾ ಹೇಳಬೇಕು, ಹಿಂದೆಯೇ ಸಣ್ಣ ಹೇಳಬೇಕು. ದಿಕ್ಕು ತಪ್ಪುವುದೇ ಇಲ್ಲ.

ಲೆಕ್ಕ ಸರಿಯಿತ್ತು, ಫ್ಯಾನು ಕೇಳಲಿಲ್ಲ. ರಾತ್ರಿ ಅಲ್ಲೇ ಉಳಿದೆ, ಮರುದಿನ ಬೆಳಿಗ್ಗೆ ಪರೀಕ್ಷೆಗೆ ಕುಳಿತೆವು. ಕೂಸನ್ನು ಮನೆಯೊಡತಿಯ ಮಡಿಲಿಗೆ ಕೊಟ್ಟು ಅಡುಗೆಮನೆಗೆ ಕಳಿಸಿ, ಬಾಣಂತಿ ಒಂದು ದಾರದ ತುದಿಗೆ ಅರಳೆ ಕಟ್ಟಿ ಫ್ಯಾನಿನ ಕೆಳಗೆ ಹಿಡಿದು ನಿಂತಳು. ನಾನು ಹೊರಗೆ ಒತ್ತುವುದು, ಒಳಗೆ ಕುಂಯ್ ಕುಂಯ್ ಎನ್ನುವುದು, ಆಕೆ ಅರಳೆ ನೋಡಿ ಹೇಳುವುದು.

“ಮ್ಯಾಲ್ರಿ.”

“ಮ್ಯಾಲ್ರಿ.”

“ಅಣ್ಣಾರ, ಕೆಳಗ!”

ಮತ್ತೆ ಮೇಲೆ, ಮತ್ತೆ ಕೆಳಗೆ. ಬರೆದದ್ದನ್ನೆಲ್ಲ ತಿದ್ದಿದೆ. ಸಂಕೇತ ತಪ್ಪಿ ಎರಡು ಸಲ ಹೋಗುತ್ತಿದೆಯೇನೋ ಎಂದು ಡಬ್ಬಿಯ ಜಾಗ ಬದಲಿಸಲು ಹೇಳಿದೆ. ನಡುನಡುವೆ ಕೂಸು ಅಳುತ್ತಿತ್ತು, ಆಕೆ ಹೋಗಿ ಹಾಲುಣಿಸಿ ಬರುತ್ತಿದ್ದಳು. ಮೈಯೆಲ್ಲ ನೋವಿರುವ ಹೆಂಗಸು ನಿಂತೇ ಇದ್ದಾಳೆ, ನನ್ನ ಕೈಯಿಂದ ಆಗುತ್ತಿಲ್ಲ ಎಂದು ನನಗೆ ಅಳುವೇ ಬರುವಂತಾಗಿತ್ತು. “ಸಾಕು ತಂಗೀ, ಕುಂದರು,” ಎಂದರೆ, “ಇನ್ನೊಮ್ಮಿ ನೋಡೂಣ್ರಿ,” ಎನ್ನುತ್ತಿದ್ದಳು. ಒಮ್ಮೆಯೂ ಬೇಸರದ ಮಾತಿಲ್ಲ.

ಗುಟ್ಟು ಹಿಡಿದವಳೂ ಅವಳೇ. “ಅಣ್ಣಾರ, ನಾ ಕೂಸಿಗೆ ಕುಡಿಸಿ ಬಂದ ಮ್ಯಾಲ ಒತ್ತಿದಾಗೆಲ್ಲಾ ಬರೋಬರಿ ಬಂತು. ಒಂದರ ಬೆನ್ನಿಗೊಂದು ಒತ್ತಿದಾಗ ತಪ್ಪಾಕ ಹತ್ತೇತಿ. ಕರೆಂಟ ಕಡದ ಕೂಡಲೆ ಅದು ಮರಿಯೂದಿಲ್ಲೇನ್ರಿ?”

ಹೌದಲ್ಲ! ಫ್ಯಾನಿನ ಹೊಟ್ಟೆಯೊಳಗಿನ ಕೆಪ್ಯಾಸಿಟರಿನಲ್ಲಿ ಕರೆಂಟ್ ಕಡಿದ ಮೇಲೂ ಸ್ವಲ್ಪ ಹೊತ್ತು ಉಳಿಕೆ ಇರುತ್ತದೆ. ಅಷ್ಟರೊಳಗೆ ಎಬ್ಬಿಸಿದರೆ ಅದಕ್ಕೆ ಹಳೆಯದು ನೆನಪಿರುತ್ತದೆ, ಆಗ ನನ್ನ ಉಲ್ಟಾ ಅದನ್ನು ನೆಟ್ಟಗೆ ತಿರುಗಿಸಿಬಿಡುತ್ತದೆ. ನಾನು ಕೊಟ್ಟ ಬಿಡುವು ಸಾಲದಾಗಿತ್ತು. ಒಂದು ಲೋಟ ನೀರು ಕುಡಿದು ಕೆಳಗಿಡುವಷ್ಟು ಹೊತ್ತಿಗೆ ಅದನ್ನು ಬೆಳೆಸಿದೆ. ಕಾಯುವಾಗ ಬಟನ್ ಹಳದಿಯಾಗಿ ‘ತಡಿ’ ಎಂದು ತೋರುವಂತೆ ಮಾಡಿದೆ. ಆಮೇಲೆ ಎಷ್ಟು ಸಲ ಒತ್ತಿದರೂ ಒಂದೇ ಉತ್ತರ ಬಂತು. “ಮ್ಯಾಲ್ರಿ,” ಎನ್ನುವಾಗ ಆಕೆಯ ದನಿಯಲ್ಲಿ ನಗು ಕೇಳಿಸುತ್ತಿತ್ತು. ಇಂಥ ಟೀಚರು ನನಗೆ ಸಿಕ್ಕಿದ್ದರೆ ನಾನು ಎಲ್ಲಿರುತ್ತಿದ್ದೆನೋ.

ಪರದೆ ಹೇಗಿರಬೇಕೆಂದು ಆಯಿಯನ್ನೇ ಕೇಳಿದೆ. ಅವರ ಮೊದಲ ಮಾತೇ, “ಆ ಜೋರು ಅನ್ನೂದನ್ನ ಕಿತ್ತ ಒಗಿ.” ಕಿತ್ತೆ. ಉಳಿದದ್ದು ಮೂರು: ಬಂದ್, ಸಣ್ಣ, ನಡು. “ಬಂದ್ ಮಾಡೂದು ಎಲ್ಲಾಕಿಂತ ದೊಡ್ಡದಿರ್ಲಿ. ಕಣ್ಣ ಮುಚ್ಚಿ ಹೊಡದ್ರೂ ಅದಕ್ಕಽ ಬೀಳಬೇಕು.” ಪರದೆಯ ಅರ್ಧ ಭಾಗವನ್ನು ಬಂದ್‌ಗೇ ಕೊಟ್ಟೆ. ಸಣ್ಣ, ನಡು ಎರಡಕ್ಕೂ ‘ತಡಿ’ ಉಂಟು. ಬಂದ್‌ಗೆ ತಡೆಯಿಲ್ಲ, ಮುಟ್ಟಿದ ಕೂಡಲೇ ರಿಲೇ ಕಡಿಯುತ್ತದೆ. ಎಲ್ಲಿಂದ ಒತ್ತಿದರೂ ರಿಲೇ ತನ್ನ ನಿಜಸ್ಥಿತಿಯನ್ನು ತಿರುಗಿ ಹೇಳುವುದರಿಂದ ಈಗ ಕೆಂಪು ಎಂದರೆ ಖರೇ ಕೆಂಪು. ಒಂದು ಹಳೆಯ ಟ್ಯಾಬನ್ನು ಒಳಗೆ, ಆಯಿಯ ಚಾಪೆಯ ಪಕ್ಕದ ಮಣೆಯ ಮೇಲೆ ಇಡಿಸಿದೆವು.

ಪರೀಕ್ಷೆಗೆ ಹಚ್ಚಿದ ಫ್ಯಾನು ಇನ್ನೂ ತಿರುಗುತ್ತಿರುವಾಗಲೇ ಆಯಿ ತಮ್ಮ ಪರೀಕ್ಷೆ ಇಟ್ಟರು. “ಈಗ ಲೈಟ ತಗಿ,” ಎಂದು ಮಗನಿಗೆ ಹೇಳಿದರು. ಯಜಮಾನರು ಮೇನ್ ಕೆಳಗೆಳೆದು, ಸ್ವಲ್ಪ ತಡೆದು ಮತ್ತೆ ಎತ್ತಿದರು. ಮನೆಯ ಉಳಿದ ಫ್ಯಾನುಗಳೆಲ್ಲ ಗರಗರ ಎಂದವು. ನಾವೆಲ್ಲ ಪಡದೆಯತ್ತ ಕಿವಿಕೊಟ್ಟು ನಿಂತೆವು. ಒಳಗಿನಿಂದ ಕುಂಯ್ ಎನ್ನಲಿಲ್ಲ.

“ಇನ್ನೊಮ್ಮಿ,” ಎಂದರು ಆಯಿ. ಇನ್ನೊಮ್ಮೆ. ಆಮೇಲೆ ಮತ್ತೊಮ್ಮೆ. ಫ್ಯಾನು ಮಿಸುಕಲಿಲ್ಲ. ಆಯಿ ಬಂದ್ ಬಟನ್ನನ್ನು, ಅದು ಮೊದಲೇ ಬಂದ್ ಇದ್ದರೂ, ಎರಡು ಸಲ ಒತ್ತಿ ನೋಡಿದರಂತೆ. ಸಣ್ಣವನ್ನು ಒತ್ತಲಿಲ್ಲ. ಒತ್ತಿ ಎಂದು ಬಾಣಂತಿಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಡುವಾಗ, “ನೋಡೂಣು ತಮ್ಮಾ,” ಎಂಬ ಮಾತೊಂದೇ ಸಿಕ್ಕಿತು. ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕಿದೆ. ಫೋನ್ ಮಾಡಿ ಕೇಳಲು ಧೈರ್ಯವಾಗಲಿಲ್ಲ. ಕೆಟ್ಟಿದ್ದರೆ ಅವರೇ ಮಾಡುತ್ತಿದ್ದರು ಎಂದು ಸಮಾಧಾನ ಹೇಳಿಕೊಂಡೆ.

ಕೂಸಿಗೆ ಹೆಸರಿಡುವ ದಿನ ಯಜಮಾನರು ನನ್ನನ್ನೂ ಊಟಕ್ಕೆ ಕರೆದರು. ಪಡಸಾಲೆ ತುಂಬ ಹೆಂಗಸರು. ತೊಟ್ಟಿಲು ಕಟ್ಟಿತ್ತು. ಗಂಡಸರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದೆವು. ಬಾಗಿಲು ಅಗಲವಾಗಿ ತೆರೆದದ್ದರಿಂದ ಒಳಗಿನದೆಲ್ಲ ಕಾಣುತ್ತಿತ್ತು. ಬಾಣಂತಿ ಖೋಲಿಯ ಪಡದೆ ಅಂದು ಸರಿದಿತ್ತು. ಹೆರಿಗೆಯಾದ ಮೇಲೆ ಮೊದಲ ಸಲ ನಾನು ಆ ಫ್ಯಾನನ್ನು ನೋಡಿದೆ. ತಿರುಗುತ್ತಿತ್ತು. ಮೆಲ್ಲಗೆ, ಉಲ್ಟಾ. ನನ್ನ ಎದೆ ಹಿಗ್ಗಿತು ಎಂದರೆ ಸುಳ್ಳಲ್ಲ.

ಅದೇ ಹೊತ್ತಿಗೆ ಬಾಣಂತಿಯ ಅತ್ತೆ ಒಳಗೆ ಬಂದರು. ಸುರೇಬಾನದಿಂದ ಬೀಗರ ಬಳಗವೆಲ್ಲ ಒಂದು ಗಾಡಿ ಮಾಡಿಕೊಂಡು ಬಂದಿತ್ತು. ಆ ತಾಯಿ ಮೊಮ್ಮಗುವನ್ನು ನೋಡಿ ದೃಷ್ಟಿ ತೆಗೆದು, ಖೋಲಿಯತ್ತ ಕಣ್ಣೆತ್ತಿದವರು ಹಾಗೇ ನಿಂತುಬಿಟ್ಟರು.

“ಏನ್ರಿ ಇದು, ಬಾಣಂತಿ ಖೋಲ್ಯಾಗ ಫ್ಯಾನ ತಿರಗಾಕ ಹತ್ತೇತಿ! ಯಾರ ಹಚ್ಚಿದ್ರು?”

ಮನೆಯೊಡತಿ ತಲೆ ತಗ್ಗಿಸಿದರು. ಯಜಮಾನರು ನನ್ನ ಮುಖ ನೋಡಿದರು. ನಾನು ಎದ್ದು, ಗಾಳಿ ಮೇಲಕ್ಕೆ ಹೋಗುತ್ತದೆ ಎಂದು ವಿವರಿಸಲು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಬಾಣಂತಿ, “ಅತ್ತೀ, ಅದು ನಾನಽ...” ಎಂದು ಶುರು ಮಾಡಿದಳು.

“ನೀ ಸುಮ್ನಿರು.” ಆಯಿ ಗೋಡೆ ಹಿಡಿದು ಎದ್ದು ನಿಂತರು. ಕೂತಲ್ಲಿಂದಲೇ ಹೇಳಬಹುದಿತ್ತು, ಎದ್ದೇ ಹೇಳಿದರು. “ನಾ ಹಚ್ಚೇನ್ರಿ. ಹುಡಿಗಿ ಉಸರ ಕಟ್ಟಾಕ ಹತ್ತೇತಿ ಅಂದ್ಲು, ನಾ ಹಚ್ಚಿದೆ. ದಿನಾ ನನ್ನ ಕೈಯಿಂದಽ ಹಚ್ಚತೇನಿ. ಏನಾರ ಆದ್ರ ನನ್ನ ಕೇಳ್ರಿ. ಮತ್ತ್ಯಾರನ್ನೂ ಕೇಳಬ್ಯಾಡ್ರಿ.”

ಬೀಗತಿ ಒಂದು ಗಳಿಗೆ ಆಯಿಯ ಮುಖ ನೋಡಿದರು. ಆಮೇಲೆ ಕೂಸಿನ ಹತ್ತಿರ ಹೋಗಿ ಕುಳಿತರು. ಯಾರೋ ತೊಟ್ಟಿಲ ಹಾಡು ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು. ಆಯಿ ಇನ್ನೂ ಗೋಡೆ ಹಿಡಿದು ನಿಂತೇ ಇದ್ದರು. ನನ್ನ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದವರು ಏನಾತ್ರಿ ಎಂದು ಕೇಳಿದರು, ನಾನು ಕಣ್ಣೊರೆಸಿಕೊಂಡು ಒಳಗೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿದೆ.